ನಮ್ಮಮ್ಮ

ಬೆಳಿಗ್ಗೆ ಬಸ್ಸಲ್ಲಿ 1999ರ ಒಂದು ಮನಃಶಾಸ್ತ್ರದ ಪ್ರಯೋಗದ ಬಗ್ಗೆ ಓದಿದೆ. ಇಡೀ ದಿನ ತಲೆಯಲ್ಲಿ ಅದೇ ಓಡುತ್ತಿದೆ.

ವೆಂಡಿ ಗಾರ್ಡ್ನರ್ ಮತ್ತು ಜೊತೆಗಾರರು ಮಾಡಿದ್ದು. ಅಮೆರಿಕದ ಕಾಲೇಜು ಹುಡುಗ ಹುಡುಗಿಯರ ಕೈಗೆ, ಪೇಟೆಗೆ ಹೋಗಿಬಂದ ಒಂದು ಪುಟ್ಟ ಕಥೆ ಕೊಟ್ಟರು. ಅದರಲ್ಲಿರುವ ಸರ್ವನಾಮಗಳಿಗೆಲ್ಲ ಸುತ್ತು ಹಾಕಬೇಕು, ಅಷ್ಟೇ ಕೆಲಸ. ಕೆಲವರ ಹಾಳೆಯಲ್ಲಿ ‘ನಾನು, ನನ್ನ’. ಇನ್ನು ಕೆಲವರದರಲ್ಲಿ ‘ನಾವು, ನಮ್ಮ’. ಆಮೇಲೆ ಬದುಕಲ್ಲಿ ಯಾವುದು ಮುಖ್ಯ ಅಂತ ಕೇಳಿದರು. ‘ನಾವು’ಗೆ ಸುತ್ತು ಹಾಕಿದವರು ಸ್ನೇಹ, ಮನೆಯವರ ಕ್ಷೇಮ ಇಂಥವಕ್ಕೆ ಜಾಸ್ತಿ ಬೆಲೆ ಕೊಟ್ಟರು. ಇಂಥದ್ದೇ ಪ್ರಯೋಗವನ್ನು ಹಾಂಗ್‌ಕಾಂಗ್‌ನ ವಿದ್ಯಾರ್ಥಿಗಳ ಮೇಲೂ ಮಾಡಿದಾಗ, ‘ನಾನು’ ಓದಿದವರು ಸ್ವಾತಂತ್ರ್ಯದ ಕಡೆ ವಾಲಿದರು.

ಇಂಥ ಪ್ರಯೋಗಗಳನ್ನು ಮತ್ತೆ ಮಾಡಿದಾಗ ಎಲ್ಲಾ ಸಲವೂ ಅದೇ ಫಲ ಬರುವುದಿಲ್ಲ, ನಿಜ. ಆದರೂ ಪೆನ್ಸಿಲ್ ಹಿಡಿದು ನಾಲ್ಕು ಪದಕ್ಕೆ ಸುತ್ತು ಹಾಕಿದ್ದಕ್ಕೇ ಮನಸ್ಸು ಒಂಚೂರು ಜರುಗಬಹುದು ಅಂದರೆ, ದಿನವಿಡೀ ಆಡುವ ಮಾತು ಏನೆಲ್ಲ ಮಾಡುತ್ತಿರಬಹುದು ಅಲ್ವಾ?

ಸಂಜೆ ಮೆಡಿಕಲ್ ಶಾಪಲ್ಲಿ ನಿಂತು ‘ನಮ್ಮಮ್ಮಂಗೆ ಬಿಪಿ ಮಾತ್ರೆ ಕೊಡಿ’ ಅಂದೆ. ಅಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ನಾನು ಒಬ್ಬಳೇ ಮಗಳು. ಅಮ್ಮ ನನಗೊಬ್ಬಳಿಗೇ ಅಮ್ಮ. ಆದರೂ ‘ನನ್ನಮ್ಮ’ ಅಂತ ಬಾಯಿಗೆ ಬರುವುದೇ ಇಲ್ಲ. ನಮ್ಮನೆ, ನಮ್ಮೂರು, ನಮ್ಮಮ್ಮ.

ಮನೆಗೆ ಬಂದು ಅಮ್ಮನಿಗೆ ಎಲ್ಲಾ ಹೇಳಿದೆ. ಚಪಾತಿ ಹಿಟ್ಟು ನಾದುತ್ತಿದ್ದ ಕೈ ಒಂದು ಗಳಿಗೆ ನಿಂತಿತು. ‘ನಿಮ್ಮಪ್ಪ ಇದ್ದಾಗಲೂ ನಾನು ನಮ್ಮನೆಯವರು ಅಂತಲೇ ಅಂತಿದ್ದೆ ಕಣೇ’ ಅಂದಳು.