ನಾಲ್ಕು ಸೊನ್ನೆ ಬಂದರೂ ನಿಲ್ಲದ ಮೋಟರ್

ಅಳಿಯ ಫೋನ್ ಮಾಡಿದಾಗ ರಾತ್ರಿ ಒಂಬತ್ತೂವರೆ. ಹಿಂದೆ ಗರಗರ ಸದ್ದು. ಹಿಟ್ಟಿನ ಗಿರಣಿ ಹತ್ತಿರ ನಿಂತಿದ್ದಾನೇನೋ ಅಂದುಕೊಂಡೆ.

"ಮಾಮಾ, ಇದು ನಿಂದ್ರವಲ್ದು ನೋಡ್ರಿ."

"ಯಾವ್ದೋ ತಮ್ಮಾ?"

"ಪಿನ್‌ಬಾಲ್ ಮಷೀನ್. ಒಂದ್ಸಲ ಬಟನ್ ಒತ್ತೀನಿ, ಅರ್ಧಾ ತಾಸಾತು ತಿರಗ್ಲಕತ್ತದ."

"ಮೊದ್ಲ ಪ್ಲಗ್ ಕೀಳು. ಆಮ್ಯಾಲ ಮಾತಾಡು."

ಅಕ್ಕನ ಮಗ ಇವನು. ಕಲಬುರಗಿಯಲ್ಲಿ ಕಾಲೇಜು ಹುಡುಗರು ಓಡಾಡುವ ಕಡೆ ಒಂದು ಚಹಾ-ನಾಷ್ಟಾ ಅಂಗಡಿ ಇಟ್ಟಿದ್ದಾನೆ. ಗಿರಾಕಿ ಹೆಚ್ಚಲಿ ಅಂತ ಮುಂಬೈನ ಚೋರ್ ಬಜಾರಿನಿಂದ ಗಾಜಿನ ಕೆಳಗಿನ ಹಲಗೆಯ ಮೇಲೆ ಗುಂಡು ಹೊಡೆದು ಸ್ಕೋರ್ ಮಾಡುವ ಈ ಆಟದ ಮಷೀನನ್ನು ಲಾರಿಯಲ್ಲಿ ಹಾಕಿಸಿಕೊಂಡು ಬಂದ. ಎಷ್ಟು ಕೊಟ್ಟ ಅನ್ನುವುದನ್ನು ಅವರಪ್ಪನಿಗೇ ಇನ್ನೂ ಹೇಳಿಲ್ಲ, ನಾನೂ ಇಲ್ಲಿ ಬರೆಯುವುದಿಲ್ಲ.

ನಾನು ಸಿಮೆಂಟ್ ಕಾರ್ಖಾನೆಯ ಎಲೆಕ್ಟ್ರಿಕಲ್ ಸೆಕ್ಷನ್ನಿನಲ್ಲಿ ಮೂವತ್ನಾಲ್ಕು ವರ್ಷ ಕಳೆದವನು. ಪಿಎಲ್‌ಸಿ ಅನ್ನುವ ಕಂಟ್ರೋಲ್ ಕಂಪ್ಯೂಟರ್ ಬರುವ ಮೊದಲು ನಮ್ಮಲ್ಲಿ ಎಲ್ಲ ರಿಲೇಗಳ, ಅಂದರೆ ಕರೆಂಟ್ ಕೊಟ್ಟರೆ ಎಳೆದುಕೊಳ್ಳುವ ಸ್ವಿಚ್ಚುಗಳ ರಾಜ್ಯ. ಫ್ಯಾನ್ ಶುರುವಾಗದೆ ಕಲ್ಲಿದ್ದಲು ಫೀಡರ್ ಶುರುವಾಗಕೂಡದು, ಬೆಲ್ಟ್ ನಿಂತರೆ ಹಿಂದಿನ ಕ್ರಷರ್ ನಿಲ್ಲಬೇಕು. ಇವೆಲ್ಲ ಕರೆಂಟಿನ ದಾರಿ ಕೂಡಿಸುವ-ಬಿಡಿಸುವ ಪಾಯಿಂಟುಗಳ ಸರಪಳಿಯಿಂದಲೇ ನಡೆಯುತ್ತಿದ್ದವು. ಮರುದಿನ ಹೋಗಿ ಮಷೀನಿನ ಮೇಲಿನ ಗಾಜು ತೆಗೆದು, ಆಟದ ಹಲಗೆ ಎತ್ತಿ ನಿಲ್ಲಿಸಿದಾಗ ಎದೆ ಝಲ್ಲೆಂದಿತು. ಒಂದು ಸರ್ಕಿಟ್ ಬೋರ್ಡ್ ಇಲ್ಲ, ಒಂದು ಐಸಿ ಇಲ್ಲ. ಬರೀ ರಿಲೇ, ಕಾಯಿಲ್, ಹಲ್ಲಿನ ಚಕ್ರ, ಬಣ್ಣ ಮಾಸಿದ ವೈರುಗಳ ಜಡೆ, ನೂರಾರು ಪತ್ತಿ ಪಾಯಿಂಟು. ಶಿಕಾಗೋದ ಗಾಟ್ಲೀಬ್ ಕಂಪನಿಯ ಮಾಲು. 1970ರ ದಶಕದ ಕೊನೆಗೆ ಎಲೆಕ್ಟ್ರಾನಿಕ್ಸ್ ಬರುವವರೆಗೂ ಪಿನ್‌ಬಾಲ್ ಅಂದರೆ ಹೊಟ್ಟೆಯೊಳಗೆ ಹೀಗೇ ಇರುತ್ತಿತ್ತು.

ಮೊದಲು ಕಣ್ಣಿಗೆ ಬಿದ್ದದ್ದು ಫ್ಯೂಸ್. ಗಾಜಿನ ಫ್ಯೂಸಿನ ಮೇಲೆ ಯಾರೋ ಪುಣ್ಯಾತ್ಮರು ತಾಮ್ರದ ಎಳೆ ಸುತ್ತಿದ್ದರು. ಇದನ್ನು ನೋಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಫ್ಯೂಸ್ ಹಾರಿತು ಅಂದರೆ ಒಳಗೆ ಏನೋ ಕೆಟ್ಟಿದೆ ಅಂತ ಅದು ಕೂಗಿ ಹೇಳಿದ ಹಾಗೆ. ಎಳೆ ಸುತ್ತುವುದು ಕೂಗಿದವನ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಬಿಚ್ಚಿ, ಸರಿಯಾದ ಆಂಪಿಯರಿನದು ಹಾಕಿದೆ.

ಅಮೆರಿಕದ ಕರೆಂಟಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಈ ಮಷೀನಿಗೆ ಬೇಕಾದದ್ದು 115 ವೋಲ್ಟ್, 60 ಹರ್ಟ್ಜ್. ಅಳಿಯ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದಿದ್ದ, ಅಷ್ಟರಮಟ್ಟಿಗೆ ಜಾಣ. ಆದರೆ ಅದು ವೋಲ್ಟೇಜ್ ಇಳಿಸುತ್ತದೆಯೇ ಹೊರತು ಹರ್ಟ್ಜ್ ಬದಲಿಸುವುದಿಲ್ಲ. ನಮ್ಮ 50ರಲ್ಲಿ ಒಳಗಿನ ಮೋಟರ್ ಹೆಚ್ಚುಕಡಿಮೆ ಆರರಲ್ಲಿ ಒಂದು ಪಾಲು ನಿಧಾನ ತಿರುಗುತ್ತದೆ, ಒಳಗಿನ ಟ್ರಾನ್ಸ್‌ಫಾರ್ಮರ್ ಸ್ವಲ್ಪ ಜಾಸ್ತಿ ಕಾಯುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಮನುಷ್ಯರೇ ಕಾಯುತ್ತಾರೆ, ಅದಕ್ಕಾಗಿ ಹಿಂದಿನ ಬಾಗಿಲಿನ ಹತ್ತಿರ ಒಂದು ಸಣ್ಣ ಫ್ಯಾನ್ ಇಡಿಸಿದೆ.

ಈಗ ಅಸಲಿ ರೋಗಕ್ಕೆ ಬರೋಣ. ಹೊಸ ಆಟದ ಬಟನ್ ಒತ್ತಿದರೆ ರಿಸೆಟ್ ರಿಲೇ ಎಳೆದುಕೊಳ್ಳುತ್ತದೆ, ಸ್ಕೋರ್ ಮೋಟರ್ ತಿರುಗಲು ಶುರುಮಾಡುತ್ತದೆ. ಈ ಮೋಟರಿನ ಮೇಲೆ ಗಾಡಿಯ ಕ್ಯಾಮ್ ಥರದ, ಅಂಚಿನಲ್ಲಿ ಉಬ್ಬು-ತಗ್ಗು ಇರುವ ತಟ್ಟೆಗಳು. ಅವು ತಿರುಗಿದ ಹಾಗೆ ಪಾಯಿಂಟುಗಳು ಕೂಡಿ-ಬಿಟ್ಟು ಟಕ್ ಟಕ್ ಅಂತ ಒಂದು, ಹತ್ತು, ನೂರು, ಸಾವಿರದ ನಾಲ್ಕು ಸ್ಕೋರ್ ಚಕ್ರಗಳಿಗೆ ಏಟು ಕೊಡುತ್ತವೆ. ಒಂದೊಂದು ಏಟಿಗೆ ಚಕ್ರ ಒಂದೊಂದು ಅಂಕಿ ಮುಂದೆ ಹೋಗುತ್ತದೆ. ಸೊನ್ನೆಗೆ ಬಂದ ಚಕ್ರ ತನ್ನ ಪಾಯಿಂಟ್ ಬಿಡಿಸಿಕೊಂಡು ನಿಲ್ಲುತ್ತದೆ. ನಾಲ್ಕೂ ಸೊನ್ನೆಯಾದ ಮೇಲೆ ರಿಸೆಟ್ ರಿಲೇ ಬಿಡಬೇಕು, ಮೋಟರ್ ನಿಲ್ಲಬೇಕು, ಗುಂಡು ಹೊರಗೆ ಬರಬೇಕು.

ಇಲ್ಲಿ ನೂರರ ಚಕ್ರ ಏಳಕ್ಕೂ ಎಂಟಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಕಾಯಿಲ್ ಏಟು ಕೊಡುತ್ತಿದೆ, ಚಕ್ರ ಮಿಸುಕುತ್ತಿಲ್ಲ. ಮೂಗು ಹತ್ತಿರ ತಂದರೆ ಕಾದ ವಾರ್ನಿಶ್ ವಾಸನೆ. ಎಸಿ ಕರೆಂಟಿನ ಕಾಯಿಲಿನ ಸ್ವಭಾವ ಇದು: ಒಳಗಿನ ಕಬ್ಬಿಣದ ರಾಡು ಪೂರ್ತಿ ಒಳಗೆ ಸೇರದಿದ್ದರೆ ಅದು ಜಾಸ್ತಿ ಕರೆಂಟ್ ಎಳೆಯುತ್ತದೆ, ಕಾಯುತ್ತದೆ, ಕೊನೆಗೆ ಸುಟ್ಟುಹೋಗುತ್ತದೆ. ಮೊದಲು ಪ್ಲಗ್ ಕೀಳು ಅಂದದ್ದು ಅದಕ್ಕೇ. ಚಕ್ರ ಬಿಚ್ಚಿ ನೋಡಿದರೆ ಹಳೇ ಗ್ರೀಸು ಒಣಗಿ ಬೆಲ್ಲದ ಆಣದ ಹಾಗೆ ಹಿಡಿದುಕೊಂಡಿತ್ತು. ಸ್ಪಿರಿಟ್ ಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ ಹಾಕಿದೆ. ಮತ್ತೆ ಎಣ್ಣೆ ಬಿಡಲಿಲ್ಲ. ಈ ಚಕ್ರಗಳಿಗೆ ಎಣ್ಣೆ ಬಿಟ್ಟರೆ ಧೂಳು ಹಿಡಿದು ನಾಳೆ ಮತ್ತೆ ಅದೇ ಕತೆ.

ಬಟನ್ ಒತ್ತಿದೆವು. ಟಕ್ ಟಕ್ ಟಕ್, 0, 0, 0, 0. ಅಳಿಯ ಚಪ್ಪಾಳೆ ತಟ್ಟಿದ. ಮೋಟರ್ ಮಾತ್ರ ಗರಗರ ತಿರುಗುತ್ತಲೇ ಇತ್ತು.

"ನಾಕೂ ಸೊನ್ನಿ ಬಂದಾವಲ್ರಿ ಮಾಮಾ, ಇನ್ನ ಏನ್ ಬೇಕಂತ ಇದಕ್ಕ?"

ಕೆಲಸದಲ್ಲಿದ್ದಾಗ ನಮ್ಮ ಫೋರ್‌ಮನ್ ಕೂಡ ಇದನ್ನೇ ಕೇಳುತ್ತಿದ್ದರು. ಮೋಟರ್ ಯಾಕ ಓಡಲಿಲ್ಲ ಅಂತ ಅವರು ಕೇಳಿದ್ದಿಲ್ಲ. "ಯಾವುದರ ಸಲುವಾಗಿ ಕಾಯ್ಲಕತ್ತದ ಹೇಳು" ಅನ್ನುತ್ತಿದ್ದರು. ಸೊನ್ನೆ ಬಂದದ್ದು ನಮ್ಮ ಕಣ್ಣಿಗೆ. ಮಷೀನಿಗೆ ಕಣ್ಣಿಲ್ಲ, ಪಾಯಿಂಟ್ ಕೂಡಿದರೆ ಮಾತ್ರ ಅದಕ್ಕೆ ಸೊನ್ನೆ. ಈ ಮಷೀನಿನಲ್ಲಿ ಪ್ರತಿ ಚಕ್ರದ ಹಿಂದೆಯೂ ಸೊನ್ನೆಯಲ್ಲಿ ಬಿಡುವ ಒಂದು ಜೋಡಿ, ಕೂಡುವ ಒಂದು ಜೋಡಿ ಪಾಯಿಂಟ್ ಇವೆ. ಕೂಡುವ ನಾಲ್ಕು ಜೋಡಿಗಳು ಒಂದರ ಹಿಂದೆ ಒಂದು ಸೀರೀಸಿನಲ್ಲಿ. ಯಾವುದೋ ಒಂದು ಕೂಡಿಲ್ಲ.

ಮಲ್ಟಿಮೀಟರ್ ಹಿಡಿದರೆ ನಾಲ್ಕೂ ಬೀಪ್ ಅಂದವು. ಹೊಸಬರು ಮೋಸಹೋಗುವ ಜಾಗ ಇದೇ. ಕಾಯಿಲುಗಳೇ ಕೆಲವು ಓಮ್, ತಣ್ಣಗಿರುವ ಆರು ವೋಲ್ಟಿನ ಬಲ್ಬುಗಳೂ ಹಾಗೇ; ಕರೆಂಟ್ ಸುತ್ತುಬಳಸಿ ಬೇರೆ ದಾರಿಯಿಂದ ಬಂದರೂ ಮೀಟರ್ ಖುಷಿಯಾಗಿ ಕೂಗುತ್ತದೆ. ಮೀಟರ್ ಪಕ್ಕಕ್ಕಿಟ್ಟು, ಎರಡೂ ತುದಿಗೆ ಮೊಸಳೆ ಕ್ಲಿಪ್ ಇರುವ ಒಂದು ಮೊಳ ವೈರ್ ತಗೊಂಡೆ. ಕಾಯಿಲುಗಳ ಕಡೆ ಇರುವುದು 25 ವೋಲ್ಟ್ ಹತ್ತಿರ, ಮೈನ್ಸ್ ಬರುವ ಮೂಲೆಗೆ ಕೈ ಹಾಕದಿದ್ದರೆ ಸಾಕು. ಒಂದರ ಚಕ್ರದ ಜೋಡಿಗೆ ಕ್ಲಿಪ್ ಕೂಡಿಸಿದೆ, ಮೋಟರ್ ನಿಲ್ಲಲಿಲ್ಲ. ಹತ್ತರದಕ್ಕೂ ಇಲ್ಲ, ನೂರರದಕ್ಕೂ ಇಲ್ಲ. ಸಾವಿರದ್ದಕ್ಕೆ ಕೂಡಿಸಿದ ಕೂಡಲೆ ಟಪ್ ಅಂತ ರಿಲೇ ಬಿಟ್ಟಿತು, ಮೋಟರ್ ನಿಂತಿತು, ಗುಂಡು ಉರುಳಿ ಬಂತು. ಅಂಗಡಿಯಲ್ಲಿ ಸುಸಲಾ ತಿನ್ನುತ್ತಿದ್ದ ಇಬ್ಬರು ಹುಡುಗರು ಎದ್ದು ಬಂದರು.

ಆ ಪಾಯಿಂಟನ್ನು ಟಾರ್ಚ್ ಹಿಡಿದು ನೋಡಿದೆ. ಬೆಳ್ಳಿಯ ಗುಂಡಿ ಎರಡೂ ಎದುರುಬದುರು ಮುಟ್ಟಿದ ಹಾಗೇ ಕಾಣುತ್ತಿದ್ದವು. ನಡುವೆ ತೆಳ್ಳಗೆ ಕಪ್ಪು ಪೊರೆ. ಯಾರೋ ಹಿಂದೆ ಎಣ್ಣೆ ಸ್ಪ್ರೇ ಹೊಡೆದಿದ್ದಾರೆ, ಕಿಡಿಗೆ ಎಣ್ಣೆ ಸುಟ್ಟು ಇದ್ದಿಲಾಗಿದೆ.

ಪಾಲಿಶ್ ಪೇಪರ್ ತರಲು ಹೊರಟ ಅಳಿಯನನ್ನು ತಡೆದೆ. ಬೆಳ್ಳಿ ಪಾಯಿಂಟಿಗೆ ಪಾಲಿಶ್ ಪೇಪರ್ ಹಾಕಿದರೆ ಬೆಳ್ಳಿಯೇ ಹೋಗಿ ಗೀರು ಉಳಿಯುತ್ತದೆ. ಇದಕ್ಕೆ ನನ್ನ ಔಷಧಿ ಲಗ್ನಪತ್ರಿಕೆ. ಗಟ್ಟಿ, ನಯ, ಕೊಂಚ ಮಾತ್ರ ಒರಟು. ಬೆರಳಗಲ ಪಟ್ಟಿ ಕತ್ತರಿಸಿ, ಸ್ಪಿರಿಟ್‌ನಲ್ಲಿ ತೋಯಿಸಿ, ಪಾಯಿಂಟಿನ ನಡುವೆ ತೂರಿಸಿ, ಪತ್ತಿಯನ್ನು ಮೆಲ್ಲಗೆ ಒತ್ತಿ ಹಿಡಿದು ಎಳೆಯಬೇಕು. ಮೊದಲ ಎಳೆತಕ್ಕೆ ಕಾಡಿಗೆಯ ಗೆರೆ, ಎರಡನೆಯದಕ್ಕೆ ಬೂದು, ನಾಲ್ಕನೆಯದಕ್ಕೆ ಕಾಗದ ಬೆಳ್ಳಗೇ ಬಂತು. ಇದಕ್ಕಾಗಿ ಮನೆಯಲ್ಲಿ ಹಳೇ ಪತ್ರಿಕೆಗಳ ಕಟ್ಟು ಇಟ್ಟಿದ್ದೇನೆ. ನಮ್ಮಾಕಿಯದು ಒಂದೇ ತಕರಾರು: "ಶರಣಬಸಪ್ಪನ ಫೋಟೊ ಇರೋ ಕಡೆ ಕತ್ತರಿಸಬ್ಯಾಡ್ರಿ." ಹಾಗಾಗಿ ಖಾಲಿ ಬದಿಯೇ ಕತ್ತರಿಸುವುದು, ಫೋಟೊದ ಬದಿ ಜಗುಲಿಯ ಹತ್ತಿರ ಗುಡ್ಡೆ ಬೀಳುತ್ತಿದೆ.

ಒರೆಸಿದರೆ ಸಾಲದು, ಒತ್ತು ನೋಡಬೇಕು. ಪಾಯಿಂಟ್ ಕೂಡಿದ ಮೇಲೂ ಉದ್ದನೆಯ ಪತ್ತಿ ಎದುರಿನದನ್ನು ಕೂದಲೆಳೆಯಷ್ಟು ಹಿಂದಕ್ಕೆ ತಳ್ಳಬೇಕು. ಹಾಗೆ ತಳ್ಳುವಾಗ ಗುಂಡಿಗಳು ಒಂದನ್ನೊಂದು ಉಜ್ಜಿಕೊಂಡು ತಾವೇ ಸ್ವಚ್ಛವಾಗುತ್ತವೆ. ಬುಡದ ಹತ್ತಿರ ಪತ್ತಿಯನ್ನು ಒಂಚೂರು ಬಗ್ಗಿಸಿದೆ. ಅದಾದ ಮೇಲೆ ಹತ್ತು ಸಲ ರಿಸೆಟ್ ಮಾಡಿಸಿದೆ, ಹತ್ತು ಸಲವೂ ನಿಂತಿತು.

ಎಡಗಡೆಯ ಫ್ಲಿಪ್ಪರಿನದು, ಅಂದರೆ ಬಟನ್ ಒತ್ತಿದರೆ ಎದ್ದು ಗುಂಡು ಹೊಡೆಯುವ ಕೈಯದು, ಬೇರೆ ರಗಳೆ. ಅದರ ಕಾಯಿಲಿನಲ್ಲಿ ಎರಡು ಸುತ್ತು: ಒಂದು ಹೊಡೆಯುವ ದಪ್ಪ ತಂತಿಯದು, ಇನ್ನೊಂದು ಹಿಡಿದಿಡುವ ಸಣ್ಣ ತಂತಿಯದು. ಕೈ ಪೂರ್ತಿ ಮೇಲೇರಿದಾಗ ತುದಿಯ ಪಾಯಿಂಟ್ ಬಿಡಬೇಕು, ಆಗ ಸಣ್ಣ ಸುತ್ತೂ ದಾರಿಯಲ್ಲಿ ಸೇರಿ ಕರೆಂಟ್ ಇಳಿಯುತ್ತದೆ. ಬಿಡದಿದ್ದರೆ ಪೂರ್ತಿ ಕರೆಂಟ್ ಹರಿದು ಕಾಯಿಲ್ ಹೊಗೆ. ಇದು ಬಿಟ್ಟಿರಲಿಲ್ಲ. ಸ್ಟೇಷನ್ ಬಜಾರ್ ಕಡೆ ಫ್ಯಾನ್-ಮಿಕ್ಸಿ ವೈಂಡಿಂಗ್ ಮಾಡುವ ಚಾಚಾ ಒಬ್ಬರಿದ್ದಾರೆ. ಸುಟ್ಟ ಕಾಯಿಲನ್ನು ಸುತ್ತು ಎಣಿಸುತ್ತ ಬಿಚ್ಚಿದರು, ಗೇಜಿಗೆ ತಂತಿ ಹಿಡಿದು ನೋಡಿದರು, "ಕಲ್ ಆವೋ" ಅಂದರು. ಮರುದಿನ ರೆಡಿ. ದುಡ್ಡು ಕೊಡಲು ಹೋದರೆ ಏನು ಮಷೀನ್ ಅಂತ ನೋಡಲು ಬರುತ್ತೇನೆ, ಚಹಾ ಕುಡಿಸು ಸಾಕು ಅಂದರು.

ಬಂದರು, ಆಡಿದರು, ಬರೀ ಜೂಜಿನ ಸಾಮಾನಿದು ಅಂದರು. ಅವರ ಮಾತು ಪೂರ್ತಿ ಸುಳ್ಳಲ್ಲ. ನ್ಯೂಯಾರ್ಕಿನಲ್ಲಿ ಇದನ್ನು ಜೂಜು ಅಂತಲೇ 1942ರಲ್ಲಿ ನಿಷೇಧಿಸಿ, ಸುತ್ತಿಗೆಯಲ್ಲಿ ಒಡೆಸಿದ್ದರು. ಆಗ ಫ್ಲಿಪ್ಪರೇ ಇರಲಿಲ್ಲ, ಅದು ಬಂದದ್ದು 1947ರಲ್ಲಿ. 1976ರಲ್ಲಿ ರೋಜರ್ ಶಾರ್ಪ್ ಎಂಬಾತ ಅಧಿಕಾರಿಗಳ ಮುಂದೆ ಗುಂಡು ಎಲ್ಲಿ ಹೋಗುತ್ತದೆ ಅಂತ ಮೊದಲೇ ಹೇಳಿ ಹಾಗೇ ಹೊಡೆದು ತೋರಿಸಿದ, ನಿಷೇಧ ಹೋಯಿತು. ಚಾಚಾ ಇದನ್ನು ಕೇಳಿ, ತಾವೂ ಹಾಗೇ ಹೇಳಿ ಹೊಡೆಯಲು ನೋಡಿದರು. ಮೂರು ಗುಂಡೂ ನಡುವಿನಿಂದ ಜಾರಿದವು.

ಮೊನ್ನೆ ಊಟಕ್ಕೆ ಕೂತಾಗ ಮತ್ತೆ ಫೋನ್.

"ಮಾಮಾ, ಪೂರಾ ಬಂದ್ ಬಿದ್ದದ್ರಿ. ಫ್ಲಿಪ್ಪರ್ ಏಳವಲ್ದು, ಏನೂ ಇಲ್ಲ."

"ಮೋಟರ್?"

"ನಿಂತದ್ರಿ."

"ಮ್ಯಾಲಿನ ಗಾಜಿನ್ಯಾಗ ಟಿಲ್ಟ್ ಅಂತ ಲೈಟ್ ಹತ್ತ್ಯಾದೇನು ನೋಡು."

ಮಷೀನನ್ನು ಜೋರಾಗಿ ದಬ್ಬಿದರೆ ಆಟ ಬಂದ್ ಮಾಡಿ ಹತ್ತುವ ಲೈಟು ಅದು. ಒಂದು ಕ್ಷಣ ಸದ್ದಿಲ್ಲ.

"ಹತ್ತ್ಯಾದ್ರಿ."

"ಯಾರ್ ದಬ್ಬ್ಯಾರ ಅದಕ್ಕ?"

"ಚಾಚಾ ಆಡ್ಲಕತ್ತಿದ್ರು," ಅಂದ ಮೆಲ್ಲಗೆ.