ಇಂಡಾಫ್ ರಾಗಿಯ ನೆನಪಿನಲ್ಲಿ

ನಮ್ಮಜ್ಜಿಯ ಬಾಯಲ್ಲಿ ‘ಇಂಡಾಫ್’ ಎಂಬುದು ಪಕ್ಕದೂರಿನ ಹೆಸರಿನಷ್ಟೇ ಸಲೀಸಾಗಿ ಬರುತ್ತಿತ್ತು. ಆ ಹೆಸರಿನಲ್ಲಿ ಇಂಡಿಯಾ, ಆಫ್ರಿಕಾ ಎರಡೂ ಕೂಡಿಕೊಂಡಿವೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮಿನಲ್ಲಿ ಈ ರಾಗಿ ತಳಿಗಳನ್ನು ರೂಪಿಸಿದವರು ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ. ರಾಗಿಯ ಹೂವು ಅತಿ ಚಿಕ್ಕದು, ಅದು ತನ್ನ ಪರಾಗದಿಂದಲೇ ಕಾಳು ಕಟ್ಟಿಕೊಳ್ಳುತ್ತದೆ. ಆದ್ದರಿಂದ ಎರಡು ತಳಿಗಳನ್ನು ಕೂಡಿಸುವುದೆಂದರೆ ಬರಿಗಣ್ಣಿಗೆ ಸರಿಯಾಗಿ ಕಾಣದ ಹೂಗಳ ಮುಂದೆ ತಿಂಗಳುಗಟ್ಟಲೆ ತಾಳ್ಮೆಯಿಂದ ಕೂರುವ ಕೆಲಸ. ದಪ್ಪ ತೆನೆಯ ಆಫ್ರಿಕಾದ ರಾಗಿಯನ್ನು ನಮ್ಮ ನೆಲಕ್ಕೆ ಒಗ್ಗಿದ ರಾಗಿಯೊಡನೆ ಬೆಸೆದು ಪಡೆದ ತಳಿಗಳು 1970ರ ದಶಕದಲ್ಲಿ ರೈತರ ಹೊಲಗಳಿಗೆ ಬಂದವು. ರಾಗಿಯ ಮೂಲವೇ ಪೂರ್ವ ಆಫ್ರಿಕಾವಾದ್ದರಿಂದ, ಸಾವಿರಾರು ವರ್ಷಗಳ ಹಿಂದೆ ಅಗಲಿದ್ದ ದಾಯಾದಿಗಳು ಮಂಡ್ಯದಲ್ಲಿ ಮತ್ತೆ ಒಂದೇ ಪಂಕ್ತಿಗೆ ಕುಳಿತಂತಾಯಿತು.

ಜಗತ್ತಿನ ಆಹಾರ ಸಂಶೋಧನೆಯ ಮಾತು ಬಂದಾಗ ನನ್ನ ತಕರಾರು ಇಲ್ಲಿಂದಲೇ ಹುಟ್ಟುತ್ತದೆ. ಭತ್ತಕ್ಕೆಂದು 1960ರಲ್ಲೇ ಫಿಲಿಪ್ಪೀನ್ಸ್‌ನಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯೊಂದು ಸ್ಥಾಪನೆಯಾಯಿತು, ಅದರ ಅಧಿಕ ಇಳುವರಿಯ ಐಆರ್-8 ಭತ್ತದ ತಳಿ 1966ರಲ್ಲಿ ಬಿಡುಗಡೆಯಾಯಿತು. ಪಾಲಿಷ್ ಮಾಡಿದ ನೂರು ಗ್ರಾಂ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಆಸುಪಾಸಿನ ಸುಣ್ಣದಂಶವಿದ್ದರೆ, ಅಷ್ಟೇ ರಾಗಿಯಲ್ಲಿ ಮುನ್ನೂರನ್ನೂ ಮೀರಿ ಇರುತ್ತದೆ. ಆದರೂ ಬಡವರ ಕಾಳೆಂಬ ಕಾರಣಕ್ಕೆ ಅದರ ಪಾಲಿಗೆ ಬಂದ ಹಣ, ಗಮನ ಎರಡೂ ಕಡಿಮೆ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ್ದು ಒಳ್ಳೆಯದೇ, ಆದರೆ ತಡವಾಯಿತು.

ತಳಿಯಷ್ಟೇ ಸಾಲದು, ಕಾಳು ಅಡುಗೆಮನೆಯಲ್ಲೂ ಗೆಲ್ಲಬೇಕು. ರಾಗಿಯ ಒಳತಿರುಳು ಮೆತ್ತಗಿದ್ದು ಸಿಪ್ಪೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ, ಅಕ್ಕಿಯಂತೆ ಅದನ್ನು ಪಾಲಿಷ್ ಮಾಡಲು ಹೋದರೆ ಕಾಳೇ ಪುಡಿಯಾಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು ಕಾಳನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ತಿರುಳನ್ನು ಗಟ್ಟಿಗೊಳಿಸಿದ ಮೇಲೆ ಸಿಪ್ಪೆ ತೆಗೆಯುವ ವಿಧಾನವನ್ನು ಕಂಡುಕೊಂಡರು. ಹಾಗೆ ಸಿದ್ಧಪಡಿಸಿದ ರಾಗಿಯನ್ನು ಅನ್ನದಂತೆಯೇ ಬೇಯಿಸಬಹುದು. ಮುದ್ದೆ ಕಟ್ಟಲು ಬಾರದ ಊರುಗಳಿಗೂ ರಾಗಿ ತಲುಪಬೇಕಾದರೆ ಇಂಥ ಕೆಲಸವೇ ಬೇಕೆಂದು ನನ್ನ ನಂಬಿಕೆ. ನಮ್ಮ ಮನೆಯಲ್ಲಿ ಮಾತ್ರ, ಹಾಗೆ ಬೇಯಿಸಿದ್ದನ್ನು ಒಮ್ಮೆ ಬಡಿಸಿದಾಗ, ಅಜ್ಜಿ ಅದನ್ನು ಬೆರಳಲ್ಲಿ ಒತ್ತಿ ನೋಡಿ, ಸಾರಿಗೆ ಮುದ್ದೆಯನ್ನೇ ಕೇಳಿದ್ದರು.