ಹಾಡು ಬರೆದವರ ಹೆಸರಿನಲ್ಲಿ ಪ್ಲೇಲಿಸ್ಟ್

ಹಾಸನ
20 ಜುಲೈ 2025, ಭಾನುವಾರ

ನನ್ನ ಕಂಪ್ಯೂಟರಿನಲ್ಲಿ ದಾಸರ ಪದಗಳ ಫೋಲ್ಡರ್ ಇವತ್ತು ಪೂರ್ತಿ ಆಯಿತು. ಇನ್ನು ಮೇಲೆ ಪುರಂದರದಾಸರ ಪದಗಳೆಲ್ಲ ಒಂದು ಕಡೆ, ಕನಕದಾಸರವು ಇನ್ನೊಂದು ಕಡೆ, ತಾವಾಗಿಯೇ ಹೋಗಿ ಕೂರುತ್ತವೆ. ಭೀಮಸೇನ ಜೋಶಿ ಹಾಡಿರಲಿ, ನಮ್ಮ ಬೀದಿಯ ಭಜನಾ ಮಂಡಳಿಯವರು ಹಾಡಿರಲಿ.

ಹಾಡು ಕೇಳುವ ಆ್ಯಪ್‌ಗಳಲ್ಲಿ ಹಾಡುಗಳೆಲ್ಲ ಹಾಡಿದವರ ಹೆಸರಿನಲ್ಲಿ ಇರುತ್ತವೆ, ಇಲ್ಲ ಅಂದರೆ ಆಲ್ಬಮ್ ಹೆಸರಿನಲ್ಲಿ. ಕನ್ನಡದ ಹಾಡುಗಳಿಗೆ ಇದು ಸಾಲದು. ಭಾವಗೀತೆ ಅಂದರೆ ಮೊದಲು ಕವಿ, ಆಮೇಲೆ ರಾಗ ಹಾಕಿದವರು, ಆಮೇಲೆ ಹಾಡಿದವರು ಅಲ್ವಾ? ನಮ್ಮ ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಸಿ. ಅಶ್ವತ್ಥ್ ಅವರನ್ನೇ ನೋಡಿ. ಕುವೆಂಪು, ಕೆ.ಎಸ್. ನರಸಿಂಹಸ್ವಾಮಿ, ಶಿಶುನಾಳ ಷರೀಫರು, ಎಲ್ಲರನ್ನೂ ಮನೆಮನೆಗೆ ಮುಟ್ಟಿಸಿದವರು ಅವರು. ಆ್ಯಪ್‌ನಲ್ಲಿ ಮಾತ್ರ ಎಲ್ಲವೂ ಅವರೊಬ್ಬರ ಹೆಸರಿನ ರಾಶಿ. ಅದರಲ್ಲೂ ಇಂಗ್ಲಿಷ್ ಸ್ಪೆಲಿಂಗ್ ಒಂದೊಂದು ಕಡೆ ಒಂದೊಂದು ಥರ. ಕ್ರೆಡಿಟ್ಸ್ ಒತ್ತಿದರೆ ಕೆಲವು ಸಲ ಕವಿಯ ಹೆಸರು ಕಾಣುತ್ತದೆ. ಆದರೆ ಆ ಹೆಸರು ಹಿಡಿದು ನನ್ನ ಸಂಗ್ರಹವನ್ನು ವಿಂಗಡಿಸಲು ಬರುವುದಿಲ್ಲ.

ಎಂಪಿ3 ಫೈಲಿನ ಒಳಗೆ ಐಡಿ3 ಅನ್ನುವ ಟ್ಯಾಗ್ ಇರುತ್ತದೆ. ಹಾಡಿದವರಿಗೆ, ಸಂಗೀತ ಕೊಟ್ಟವರಿಗೆ, ಸಾಹಿತ್ಯ ಬರೆದವರಿಗೆ ಅದರಲ್ಲಿ ಬೇರೆ ಬೇರೆ ಜಾಗ ಇದೆ. ನನ್ನ ಹತ್ತಿರ ಇರುವ ಹಾಡುಗಳಲ್ಲಿ ಈ ಕೊನೆಯದು ಹೆಚ್ಚುಕಡಿಮೆ ಖಾಲಿಯೇ. ಅದನ್ನು ತುಂಬಿಸಿಬಿಟ್ಟರೆ ಉಳಿದದ್ದು ಸುಲಭ. ಕಂಪ್ಯೂಟರಿನಲ್ಲಿ ಹಾಡು ನುಡಿಸುವ ಮ್ಯೂಸಿಕ್‌ಬೀ ತಂತ್ರಾಂಶದಲ್ಲಿ, ತಾನಾಗಿಯೇ ತುಂಬಿಕೊಳ್ಳುವ ಆಟೋ ಪ್ಲೇಲಿಸ್ಟ್ ಮಾಡಿ, 'ಸಾಹಿತ್ಯ: ಕನಕದಾಸ' ಅಂತ ಒಂದು ನಿಯಮ ಕೊಟ್ಟರೆ ಆಯಿತು.

ಸಿನಿಮಾ ಹಾಡುಗಳನ್ನು ಮ್ಯೂಸಿಕ್‌ಬ್ರೇನ್ಸ್ ಪಿಕಾರ್ಡ್ ಅನ್ನುವ ಟ್ಯಾಗ್ ತುಂಬುವ ತಂತ್ರಾಂಶಕ್ಕೆ ಬಿಟ್ಟೆ. ಅದು ಹಾಡಿನ ಧ್ವನಿಯನ್ನೇ ಹೋಲಿಸಿ ಇದು ಯಾವ ಹಾಡು ಅಂತ ಹುಡುಕುತ್ತದೆ. ಅಪ್ಪನ ಕ್ಯಾಸೆಟ್‌ಗಳಿಂದ ಇಳಿಸಿದ್ದಕ್ಕೆ ಅಲ್ಲಿ ಜಾಸ್ತಿ ಏನೂ ಸಿಗಲಿಲ್ಲ. ಮ್ಯೂಸಿಕ್‌ಬ್ರೇನ್ಸ್‌ಗೆ ಹಾಡುಗಳ ಮಾಹಿತಿಯನ್ನು ಯಾರು ಬೇಕಾದರೂ ಸೇರಿಸಬಹುದು. ಕ್ಯಾಸೆಟ್ ಕವರ್‌ಗಳು ಇನ್ನೂ ಇವೆ, ನಿಧಾನವಾಗಿ ನಾನೇ ಸೇರಿಸುತ್ತೇನೆ.

ನನಗೆ ನಿಜವಾಗಿ ಖುಷಿ ಕೊಟ್ಟದ್ದು ದಾಸರ ಪದಗಳು ಮತ್ತು ವಚನಗಳು. ಬರೆದವರು ಯಾರು ಅನ್ನುವುದು ಹಾಡಿನ ಒಳಗೇ ಇದೆ! ಪುರಂದರ ವಿಠಲ ಅಂದರೆ ಪುರಂದರದಾಸರು, ಕಾಗಿನೆಲೆಯಾದಿಕೇಶವ ಅಂದರೆ ಕನಕದಾಸರು. ಕೂಡಲಸಂಗಮದೇವ ಬಸವಣ್ಣನವರು, ಗುಹೇಶ್ವರ ಅಲ್ಲಮಪ್ರಭು. ಆ್ಯಪ್‌ಗಳು ಬಿಟ್ಟ ಹೆಸರನ್ನು ಅವರು ನೂರಾರು ವರ್ಷ ಮೊದಲೇ ಹಾಡಿಗೆ ಸೇರಿಸಿ ಇಟ್ಟಿದ್ದಾರೆ. ಹಾಗಾಗಿ ಮೊದಲು ಪ್ರತಿ ಫೈಲಿಗೂ ಸಾಹಿತ್ಯ ಸೇರಿಸಿದೆ. ಹಿಂದೆ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಬದಲಾಯಿಸಿದೆ, ಇಲ್ಲದ್ದನ್ನು ಪುಸ್ತಕ ನೋಡಿ ಟೈಪ್ ಮಾಡಿದೆ. ಆಮೇಲೆ ಪೈಥಾನ್ ಭಾಷೆಯಲ್ಲಿ, ಟ್ಯಾಗ್ ಓದಿ ಬರೆಯುವ ಮ್ಯೂಟಜೆನ್ ಲೈಬ್ರರಿ ಬಳಸಿ, ಒಂದು ಚಿಕ್ಕ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮ್, ಬರೆದೆ. ಅದು ಸಾಹಿತ್ಯದಲ್ಲಿ ಅಂಕಿತ, ಅಂದರೆ ಬರೆದವರು ಗುರುತಿಗೆ ಸೇರಿಸಿದ ಇಂಥ ಹೆಸರು, ಹುಡುಕಿ ಬರೆದವರ ಹೆಸರು ತುಂಬುತ್ತದೆ.

ಬರೀ 'ವಿಠಲ' ಅಂತ ಹುಡುಕಿದರೆ ಆಗುವುದಿಲ್ಲ. ವಿಜಯದಾಸರದ್ದು ವಿಜಯವಿಠಲ, ಜಗನ್ನಾಥದಾಸರದ್ದು ಜಗನ್ನಾಥವಿಠಲ, ಶ್ರೀಪಾದರಾಜರದ್ದು ರಂಗವಿಠಲ. ಪೂರ್ತಿ ಅಂಕಿತವೇ ಬೇಕು. ಒಬ್ಬರು ಕಟ್ಟಿದ ಪದದಲ್ಲಿ ಇನ್ನೊಬ್ಬರ ಸ್ತುತಿ ಬರಬಹುದು, ಅದಕ್ಕೇ ಸ್ಕ್ರಿಪ್ಟ್ ಕೊನೆಯ ಎರಡು ಸಾಲು ಮಾತ್ರ ನೋಡುತ್ತದೆ. ಒಂದು ಪುಸ್ತಕದಲ್ಲಿ 'ಪುರಂದರ ವಿಠಲ' ಬಿಡಿಸಿ ಬರೆದಿದ್ದರೆ ಇನ್ನೊಂದರಲ್ಲಿ ಕೂಡಿಸಿರುತ್ತಾರೆ, ಮತ್ತೊಂದರಲ್ಲಿ 'ವಿಠ್ಠಲ'. ಪದಗಳ ನಡುವಿನ ಖಾಲಿ ಜಾಗಗಳನ್ನೆಲ್ಲ ತೆಗೆದು, ಒತ್ತಕ್ಷರದ ರೂಪವನ್ನೂ ಪಟ್ಟಿಗೆ ಹಾಕಿದೆ. ಒಂದು ಅನುಕೂಲವೂ ಇದೆ. 'ಸಂಗಮದೇವ' ಅಂತ ಹುಡುಕಿದರೆ 'ಸಂಗಮದೇವಾ' ಕೂಡ ಸಿಗುತ್ತದೆ. ಯೂನಿಕೋಡ್‌ನಲ್ಲಿ ದೀರ್ಘದ ಗುರುತು ಅಕ್ಷರದ ಮುಂದೆ ಬೇರೆಯಾಗಿ ಸೇರುತ್ತದೆ, ಹಾಗಾಗಿ ಮೂಲ ಪದ ಹಾಗೇ ಉಳಿದಿರುತ್ತದೆ. ಷರೀಫರ ತತ್ವಪದಗಳಿಗೆ ಶಿಶುನಾಳಧೀಶ ಅಂತ ಹಾಕಿದೆ, ಸಲೀಸಾಗಿ ಬಂತು.

ಈಗ 'ಹೊಸದು' ಅನ್ನುವ ಫೋಲ್ಡರಿಗೆ ಹಾಡು ಮತ್ತು ಸಾಹಿತ್ಯ ಹಾಕಿಟ್ಟರೆ ಸಾಕು. ರಾತ್ರಿ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಸ್ಕ್ರಿಪ್ಟ್ ಓಡಿಸುತ್ತದೆ, ಬೆಳಿಗ್ಗೆ ಹಾಡು ಅದರ ಪಟ್ಟಿಯಲ್ಲಿ ಇರುತ್ತದೆ.

ಆ್ಯಪ್ ಬಿಟ್ಟಿಲ್ಲ. ಹೊಸ ಹಾಡು ಸಿಗುವುದೇ ಅಲ್ಲಿ. ಅಲ್ಲೂ ಕವಿಗಳ ಹೆಸರಿನ ಪ್ಲೇಲಿಸ್ಟ್ ಮಾಡಿದ್ದೇನೆ, ಕೈಯಾರೆ. ಆದರೆ ಹಕ್ಕಿನ ಒಪ್ಪಂದ ಮುಗಿದರೆ ಹಾಡು ಬೂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕೇಳಲು ಆಗುವುದಿಲ್ಲ. ಅದಕ್ಕೆ ಆಗಾಗ ಪಟ್ಟಿಯನ್ನು ಸಿಎಸ್‌ವಿ ಫೈಲಾಗಿ ಇಳಿಸಿಕೊಳ್ಳುತ್ತೇನೆ. ಯಾವುದು ಹೋಯಿತು ಅನ್ನುವುದಾದರೂ ಗೊತ್ತಾಗಲಿ. ತೀರಾ ಇಷ್ಟವಾದದ್ದನ್ನು ದುಡ್ಡು ಕೊಟ್ಟು ಕೊಳ್ಳುತ್ತೇನೆ. ಸಕಲೇಶಪುರದ ಆಚೆ ಘಟ್ಟ ಇಳಿಯುವಾಗ ನೆಟ್‌ವರ್ಕ್ ಹೋಗುತ್ತದೆ, ಆಗಲೂ ಫೋನಿನಲ್ಲಿರುವ ಫೈಲೇ ಗತಿ.

ಭಾವಗೀತೆಗಳು ಬಾಕಿ ಇವೆ. ಅವಕ್ಕೆ ಅಂಕಿತ ಇಲ್ಲ, ಒಂದೊಂದನ್ನೇ ಕೇಳಿ ಕವಿಯ ಹೆಸರು ಬರೆಯಬೇಕು. ಜನಪದ ಗೀತೆಗಳಿಗೆ ಆ ಜಾಗದಲ್ಲಿ 'ಜನಪದ' ಅಂತಲೇ ಹಾಕುತ್ತೇನೆ, ಖಾಲಿ ಬಿಡುವುದಿಲ್ಲ. ಆಮೇಲೆ ಸಂಗೀತ ಕಛೇರಿಗಳ ಫೋಲ್ಡರ್. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಿಂದ ಬಂದ ಗಾಯಕ ಆರ್.ಕೆ. ಶ್ರೀಕಂಠನ್ ಅವರದ್ದೇ ಅದರಲ್ಲಿ ಬೇಕಾದಷ್ಟಿದೆ. ಐಡಿ3 ಟ್ಯಾಗಿನಲ್ಲಿ ರಾಗಕ್ಕೆ ಅಂತ ಜಾಗವೇ ಇಲ್ಲ, ಆದರೆ ನಮಗೆ ಬೇಕಾದ ಹೆಸರಿನಲ್ಲಿ ಒಂದು ಜಾಗ ಮಾಡಿಕೊಳ್ಳಬಹುದು. ಮುಂದಿನ ಭಾನುವಾರ ಶ್ರೀಕಂಠನ್ ಅವರ ಕಛೇರಿಗಳಿಂದಲೇ ಶುರು ಮಾಡುತ್ತೇನೆ.